ಸೊಪ್ಪಿನ ಸತ್ವ ಹುಡುಕಿದ ಸುಬ್ಬರಾವ್

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸರ್ಕಾರಿ ಹೈಸ್ಕೂಲಲ್ಲೋ ಪಿಯು ಕಾಲೇಜಲ್ಲೋ ಓದಿದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಚೆನ್ನಾಗಿ ಗೊತ್ತು. ಊಟವಾದ ಮೇಲೆ ನುಂಗಬೇಕು ಅಂತಾರೆ. ನುಂಗುವವರು ನುಂಗುತ್ತಾರೆ, ಹೊಟ್ಟೆ ತೊಳಸುತ್ತದೆ ಅಂತ ಕಿಟಕಿಯಾಚೆ ಎಸೆಯುವವರೂ ಇದ್ದಾರೆ. ಆ ಪುಟ್ಟ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಅಂದರೆ ಒಂದು ಖನಿಜ, ಒಂದು ವಿಟಮಿನ್. ಫೋಲಿಕ್ ಆಸಿಡ್ ಇವತ್ತು ಇಷ್ಟು ಅಗ್ಗಕ್ಕೆ, ಇಷ್ಟು ಸಲೀಸಾಗಿ ಸಿಗುತ್ತಿದೆ ಎಂದರೆ ಅದರ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಮಣ್ಣಾದ ಒಬ್ಬ ವಿಜ್ಞಾನಿಯ ದುಡಿಮೆ ಇದೆ. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾದವರು ಇವರು. ಎಂಬಿಬಿಎಸ್ ಪದವಿ ಕೈತಪ್ಪಿತ್ತು, ಊರಲ್ಲಿ ಸರ್ಕಾರಿ ನೌಕರಿ ಸಿಗಲಿಲ್ಲ, ಹಾರ್ವರ್ಡಿನಲ್ಲಿ ಕಾಯಂ ಆಗಲಿಲ್ಲ. ಆದರೂ ಮನುಷ್ಯನ ದೇಹ ರೋಗಾಣುವಿನ ಎದುರು ಹೇಗೆ ನಿಲ್ಲುತ್ತದೆ ಎಂಬುದನ್ನು ಎರಡೂ ಕಡೆಯಿಂದ, ಅಂದರೆ ತಿನ್ನುವ ಅನ್ನದ ಕಡೆಯಿಂದಲೂ ಔಷಧದ ಕಡೆಯಿಂದಲೂ ಹಿಡಿದ ಕೆಲವೇ ಜನರಲ್ಲಿ ಇವರೊಬ್ಬರು. ಪರೀಕ್ಷೆ, ಇಂಟರ್ವ್ಯೂ, ಕಟಾಫ್ ಅಂತ ಓಡಾಡುತ್ತಿರುವ ನಮ್ಮಂಥವರು ತಿಳಿದಿರಬೇಕಾದ ಬದುಕು ಅದು.

ಬಾಳೆಹಣ್ಣು ಮಾರಲು ಕಾಶಿಗೆ ಹೊರಟ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು. ಆಗ ಭೀಮಾವರಂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಏಳು ಮಕ್ಕಳ ಸಂಸಾರ, ಕೈಯಲ್ಲಿ ಕಾಸಿಲ್ಲದ ಮನೆ. ಓದಿನಲ್ಲಿ ಮನಸ್ಸು ನಿಲ್ಲದೆ ಹದಿಮೂರರ ವಯಸ್ಸಿಗೆ ಈ ಹುಡುಗ ನೆಂಟರ ಹುಡುಗನೊಬ್ಬನ ಜೊತೆ ಮನೆಬಿಟ್ಟು ಹೊರಟ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುವುದು ಅವನ ಲೆಕ್ಕಾಚಾರ. ದಾರಿಯಲ್ಲೇ ಸಿಕ್ಕಿಬಿದ್ದು ವಾಪಸ್ ಬಂದ. ತಾಯಿ ವೆಂಕಮ್ಮ ಬಿಡಲಿಲ್ಲ. ಹಠ ಹಿಡಿದು ಮತ್ತೆ ಶಾಲೆಗೆ ಕಳಿಸಿದರು. ಮೂರನೇ ಸಲ ಕೂತಾಗ ಮೆಟ್ರಿಕ್ ಪಾಸಾಯಿತು.

ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿಂದ ಸನ್ಯಾಸಿಯಾಗುವ ಆಸೆ ಹತ್ತಿತು, ರಾಮಕೃಷ್ಣ ಮಠಕ್ಕೆ ಸೇರಲು ಹೊರಟರು. ತಾಯಿ ಒಪ್ಪಲಿಲ್ಲ. ವೈದ್ಯನಾದರೂ ಜನಸೇವೆ ಮಾಡಬಹುದಲ್ಲ ಎಂಬ ಹಿರಿಯರ ಸಲಹೆಯಂತೆ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು. ಫೀಸಿಗೆ ಸ್ನೇಹಿತರು ಕೈಜೋಡಿಸಿದರು, ಮುಂದೆ ಮಾವನಾಗಲಿದ್ದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು. 1919ರಲ್ಲಿ ಅವರ ಮಗಳು ಶೇಷಗಿರಿಯ ಜೊತೆ ಮದುವೆಯಾಯಿತು.

ಆಗ ಗಾಂಧೀಜಿಯವರ ಕರೆಗೆ ಓಗೊಟ್ಟು ವಿದೇಶಿ ಬಟ್ಟೆ ಬಿಟ್ಟವರಲ್ಲಿ ಸುಬ್ಬರಾವ್ ಕೂಡ ಒಬ್ಬರು. ಆಪರೇಷನ್ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದ ಬ್ರಿಟಿಷ್ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದರೂ ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರ. ಅದನ್ನು ಹಿಡಿದುಕೊಂಡು ಮದ್ರಾಸ್ ಮೆಡಿಕಲ್ ಸರ್ವೀಸಿಗೆ ಅರ್ಜಿ ಹಾಕಿದರು. ಕೆಲಸ ಸಿಗಲಿಲ್ಲ. ಕಡೆಗೆ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಎಂಟು ದಿನದಲ್ಲಿ ಇಬ್ಬರು

ಇದಿಷ್ಟೇ ಆಗಿದ್ದರೆ ಅವರೂ ಅಲ್ಲೇ ನೆಲೆಯಾಗಿ ಬಿಡುತ್ತಿದ್ದರೋ ಏನೋ. ಆದರೆ ಮನೆಯಲ್ಲಿ ಆದ ಎರಡು ಸಾವು ಅವರನ್ನು ಸುಮ್ಮನಿರಲು ಬಿಡಲಿಲ್ಲ. ಅಣ್ಣ ಪುರುಷೋತ್ತಮ, ತಮ್ಮ ಕೃಷ್ಣಮೂರ್ತಿ ಇಬ್ಬರೂ ಎಂಟು ದಿನದ ಅಂತರದಲ್ಲಿ ತೀರಿಕೊಂಡರು. ಕಾಯಿಲೆಯ ಹೆಸರು ಸ್ಪ್ರೂ. ನಮ್ಮ ಹಳಬರು ಗ್ರಹಣಿ ಅನ್ನುತ್ತಿದ್ದುದು ಹೆಚ್ಚುಕಡಿಮೆ ಇಂಥದ್ದನ್ನೇ. ತಿಂಗಳುಗಟ್ಟಲೆ ಭೇದಿ, ಬಾಯಿ ನಾಲಿಗೆ ಹುಣ್ಣು, ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತವೆಲ್ಲ ಬತ್ತಿ ಮನುಷ್ಯ ಕಡ್ಡಿಯಾಗುತ್ತಾನೆ. ಸುಬ್ಬರಾವ್ ಅವರಿಗೂ ಈ ಕಾಯಿಲೆ ಬಂದಿತ್ತು. ಲಕ್ಷ್ಮೀಪತಿಯವರ ಔಷಧದಿಂದ ಬದುಕಿಕೊಂಡರು.

ಈ ಕಾಯಿಲೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಸಣ್ಣಕರುಳಿನ ಒಳಗೋಡೆಯಲ್ಲಿ ಬತ್ತದ ಪೈರಿನ ಹಾಗೆ ಒತ್ತೊತ್ತಾಗಿ ಸಣ್ಣ ಎಳೆಗಳಿರುತ್ತವೆ. ಊಟದ ಸಾರವನ್ನು ಹೀರುವುದು ಅವೇ. ಅವುಗಳ ಮೇಲಿನ ಜೀವಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಬರುತ್ತಿರುತ್ತವೆ. ಹೀಗೆ ಸದಾ ಹೊಸ ಜೀವಕೋಶ ಹುಟ್ಟಬೇಕಾದರೆ ಫೋಲಿಕ್ ಆಸಿಡ್ ಬೇಕೇ ಬೇಕು. ಸ್ಪ್ರೂನಲ್ಲಿ ಕರುಳೊಳಗೆ ಇರಬಾರದಷ್ಟು ಬ್ಯಾಕ್ಟೀರಿಯಾ ಬೆಳೆದುಕೊಳ್ಳುತ್ತವೆ, ಪೈರು ಮಲಗಿದಂತೆ ಆ ಎಳೆಗಳು ಚಪ್ಪಟೆಯಾಗುತ್ತವೆ. ಆಗ ಫೋಲಿಕ್ ಆಸಿಡ್ ಒಳಗೆ ಹೋಗುವುದಿಲ್ಲ. ಅದು ಹೋಗದಿದ್ದರೆ ಕರುಳು ರಿಪೇರಿಯಾಗುವುದಿಲ್ಲ. ಕರುಳು ರಿಪೇರಿಯಾಗದಿದ್ದರೆ ಇನ್ನಷ್ಟು ಕೊರತೆ. ಸೋಂಕು ಕೊರತೆಯನ್ನು ಹೆಚ್ಚಿಸುತ್ತದೆ, ಕೊರತೆ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಗಾಣದ ಎತ್ತಿನಂತೆ ಸುತ್ತುವ ಈ ಚಕ್ರದಲ್ಲಿ ಅಣ್ಣನೂ ತಮ್ಮನೂ ಸಿಕ್ಕಿ ಸತ್ತರು. ಆಗ ಅವರಿಗೆ ಕೊಡಲು ಯಾರ ಬಳಿಯೂ ಏನೂ ಇರಲಿಲ್ಲ. ಫೋಲಿಕ್ ಆಸಿಡ್ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ.

ಹಗಲು ಹಾರ್ವರ್ಡ್, ರಾತ್ರಿ ಆಸ್ಪತ್ರೆ ಕೆಲಸ

1920ರ ದಶಕದ ಆರಂಭದಲ್ಲಿ ಕಾಕಿನಾಡದ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆಯ ನೆರವಿನ ಭರವಸೆ ಮತ್ತು ಮಾವ ಕೊಟ್ಟ ಹಣ ಕಟ್ಟಿಕೊಂಡು ಸುಬ್ಬರಾವ್ ಬಾಸ್ಟನ್ನಿನಲ್ಲಿ ಇಳಿದರು. ಹೆಂಡತಿ ಊರಲ್ಲೇ ಉಳಿದರು. ಹಾರ್ವರ್ಡಿನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಡಿಪ್ಲೊಮಾ ಓದು. ವಿದ್ಯಾರ್ಥಿವೇತನವಿಲ್ಲ. ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೆಲಸಕ್ಕೆ ಸೇರಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದು ಹೊಟ್ಟೆ ಹೊರೆದುಕೊಂಡರು. ವೈದ್ಯ ಓದಿದವನು ಈ ಕೆಲಸ ಮಾಡುವುದೇ ಎಂದು ಅವರು ಹಿಂಜರಿಯಲಿಲ್ಲ.

ಡಿಪ್ಲೊಮಾ ಮುಗಿಸಿ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬುವರ ಕೈಕೆಳಗೆ ಸೇರಿದರು. 1925ರಲ್ಲಿ ಇಬ್ಬರೂ ಸೇರಿ ರಕ್ತ ಮತ್ತು ಮೂತ್ರದಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟಿದೆ ಎಂದು ಅಳೆಯುವ ವಿಧಾನ ಪ್ರಕಟಿಸಿದರು. ದ್ರಾವಣ ನೀಲಿ ಬಣ್ಣಕ್ಕೆ ತಿರುಗುತ್ತದೆ, ನೀಲಿ ಎಷ್ಟು ಗಾಢವೋ ರಂಜಕ ಅಷ್ಟು ಹೆಚ್ಚು. ಬಯೋಕೆಮಿಸ್ಟ್ರಿ ಓದಿದವರು ಲ್ಯಾಬಿನಲ್ಲಿ ಫಿಸ್ಕ್–ಸುಬ್ಬರಾವ್ ವಿಧಾನ ಅಂತ ಕಲಿತಿರುತ್ತಾರೆ. ಆ ಎರಡನೇ ಹೆಸರು ಇವರದೇ.

ಈ ಅಳತೆಗೋಲು ಕೈಗೆ ಬಂದ ಮೇಲೆ ಸ್ನಾಯುವಿನಲ್ಲಿ ರಂಜಕ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕತೊಡಗಿದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಸಿಕ್ಕವು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿಯೇ ಎಟಿಪಿ ಕಂಡುಕೊಂಡರು. ಎಸ್ಸೆಸ್ಸೆಲ್ಸಿಯಲ್ಲಿ ನಾವು ಜೀವಕೋಶದ ಶಕ್ತಿನಾಣ್ಯ ಅಂತ ಉರುಹೊಡೆಯುವ ಎಟಿಪಿ ಅದೇ. ಕೈ ಎತ್ತುವುದಕ್ಕೂ ಅದೇ ಬೇಕು. ರಕ್ತದಲ್ಲಿ ಹರಿಯುವ ಬಿಳಿ ಕಣವೊಂದು ಬ್ಯಾಕ್ಟೀರಿಯಾದ ಬೆನ್ನು ಹತ್ತಿ ನುಂಗುವುದಕ್ಕೂ ಅದೇ ಬೇಕು. ರಂಜಕ ಎಂಬ ಖನಿಜವಿಲ್ಲದೆ ಎಟಿಪಿ ಇಲ್ಲ.

1930ರಲ್ಲಿ ಪಿಎಚ್‌.ಡಿ ಆಯಿತು. ಹತ್ತು ವರ್ಷ ಹಾರ್ವರ್ಡಿನಲ್ಲೇ ದುಡಿದರೂ ಕಾಯಂ ಹುದ್ದೆ ಸಿಗಲಿಲ್ಲ. ಇಷ್ಟಾದ ಮೇಲೂ ಊರಿಗೆ ಬರಲಿಲ್ಲ. ಊರಲ್ಲೇ ಉಳಿದಿದ್ದ ಶೇಷಗಿರಿ ಗಂಡನ ಮುಖವನ್ನು ಮತ್ತೆ ನೋಡಲೇ ಇಲ್ಲ. ಹುಟ್ಟಿದ ಒಂದೇ ಗಂಡುಮಗು ಕೂಸಾಗಿದ್ದಾಗಲೇ ತೀರಿಕೊಂಡಿತ್ತು. ಸುಬ್ಬರಾವ್ ಅವರ ಸಾಧನೆ ಹೇಳುವಾಗ ಈ ಹೆಣ್ಣುಮಗಳು ಕಾದ ವರ್ಷಗಳನ್ನು ಬಿಟ್ಟು ಹೇಳಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ನಾಲ್ಕು ಟನ್ ಪಾಲಕ್ ಸೊಪ್ಪು

ಇತ್ತ ಮುಂಬಯಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಇಂಗ್ಲೆಂಡಿನಿಂದ ಬಂದಿದ್ದ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಯ ಬಡ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿರುವುದನ್ನು ಕಂಡು ಕಾರಣ ಹುಡುಕುತ್ತಿದ್ದರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು 1931ರಲ್ಲಿ ಲೋಕಕ್ಕೆ ತಿಳಿಸಿದರು. ಯೀಸ್ಟಿನಲ್ಲಿ, ಪಿತ್ತಜನಕಾಂಗದಲ್ಲಿ, ಹಸಿರು ಎಲೆಯಲ್ಲಿ ಏನೋ ಒಂದು ಸತ್ವವಿದೆ ಎಂಬುದು ಖಚಿತವಾಯಿತು. 1941ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಸೋಸಿ ಚೂರುಪಾರು ಸತ್ವ ತೆಗೆದರು. ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಂ ಅನ್ನುತ್ತಾರೆ. ಹಾಗಾಗಿ ಅದಕ್ಕೆ ಫೋಲಿಕ್ ಆಸಿಡ್ ಎಂಬ ಹೆಸರು ಬಂತು. ಕನ್ನಡದಲ್ಲಿ ಹೇಳುವುದಾದರೆ ಎಲೆಯ ಆಮ್ಲ, ಸೊಪ್ಪಿನ ಸತ್ವ.

ಆದರೆ ನಾಲ್ಕು ಟನ್ ಸೊಪ್ಪಿಗೆ ಚಿಟಿಕೆಯಷ್ಟೂ ಸಿಗದಿದ್ದರೆ ರೋಗಿಗೆ ಏನು ಕೊಡುವುದು? ಸುಬ್ಬರಾವ್ ಇಳಿದದ್ದು ಈ ಘಟ್ಟದಲ್ಲಿ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನ ಲೆಡರ್ಲೆ ಔಷಧ ಕಂಪನಿಗೆ ಸೇರಿ, ಬೇಗನೇ ಅಲ್ಲಿನ ಸಂಶೋಧನೆಯ ಹೊಣೆ ಹೊತ್ತರು. ಅವರ ತಂಡದ ರಾಬರ್ಟ್ ಸ್ಟಾಕ್‌ಸ್ಟಾಡ್ ಈ ಸತ್ವವನ್ನು ಶುದ್ಧವಾಗಿ ಬೇರ್ಪಡಿಸಿದರು. 1945ರಲ್ಲಿ ತಂಡ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ್ದಾಗಿ ಪ್ರಕಟಿಸಿತು. ಸೊಪ್ಪು ಅರೆಯುವ ಗೋಜಿಲ್ಲದೆ ಎಷ್ಟು ಬೇಕಾದರೂ ಮಾಡಬಹುದಾಯಿತು. ಹೊಸ ಮದ್ದನ್ನು ಟಾಮ್ ಸ್ಪೀಸ್ ಎಂಬ ವೈದ್ಯರು ಕ್ಯೂಬಾದ ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ನಾಲಿಗೆಯ ಹುಣ್ಣು ಮಾಯಿತು, ರಕ್ತ ತುಂಬಿಕೊಂಡಿತು, ಹಸಿವು ಮರಳಿತು. ಅಣ್ಣತಮ್ಮಂದಿರು ಸತ್ತು ಎರಡು ದಶಕ ದಾಟಿದ ಮೇಲೆ ಆ ಕಾಯಿಲೆಗೆ ಮದ್ದು ಬಂದಿತ್ತು.

ಬಿಳಿ ಸೈನಿಕರ ತರಬೇತಿ ಶಾಲೆ

ಫೋಲಿಕ್ ಆಸಿಡ್ ರೋಗನಿರೋಧಕ ಶಕ್ತಿಗೆ ಹೇಗೆ ಬೇಕಾಗುತ್ತದೆ? ಬ್ಯಾಕ್ಟೀರಿಯಾ ಮೈಯೊಳಗೆ ನುಗ್ಗಿದಾಗ ಮೊದಲು ಓಡಿಬರುವವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ನಮ್ಮ ಮೂಳೆಯೊಳಗಿನ ಮಜ್ಜೆ ಇವನ್ನು ದಿನಕ್ಕೆ ಸುಮಾರು 10,000 ಕೋಟಿಯಷ್ಟು ತಯಾರಿಸುತ್ತದೆ. ಒಂದು ಜೀವಕೋಶ ಎರಡಾಗಬೇಕಾದರೆ ಅದರ ಡಿಎನ್‌ಎ ಪೂರ್ತಿ ನಕಲಾಗಬೇಕು. ಡಿಎನ್‌ಎ ಕಟ್ಟುವ ಇಟ್ಟಿಗೆಗಳಲ್ಲಿ ಒಂದನ್ನು ತಯಾರಿಸಲು ಫೋಲಿಕ್ ಆಸಿಡ್ ಬೇಕು. ಅದಿಲ್ಲದಿದ್ದರೆ ಜೀವಕೋಶ ದಪ್ಪಗಾಗುತ್ತದೆಯೇ ಹೊರತು ಒಡೆದು ಎರಡಾಗುವುದಿಲ್ಲ. ಕೊರತೆ ಇರುವವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನ್ಯೂಟ್ರೋಫಿಲ್‌ನ ಒಳಗಿನ ಕೇಂದ್ರ ಐದಕ್ಕಿಂತ ಹೆಚ್ಚು ಹೋಳಾಗಿ ಕಾಣುತ್ತದೆ. ವೈದ್ಯರು ಕೊರತೆಯನ್ನು ಗುರುತಿಸುವ ಒಂದು ಗುರುತು ಅದು. ಸೋಂಕನ್ನು ನೆನಪಿಟ್ಟುಕೊಂಡು ಪ್ರತಿಕಾಯ ತಯಾರಿಸುವ ಲಿಂಫೋಸೈಟ್‌ಗಳೂ ರೋಗ ಬಂದಾಗ ಒಂದಕ್ಕೆ ಸಾವಿರವಾಗಬೇಕು. ಅವಕ್ಕೂ ಈ ಸತ್ವ ಬೇಕು.

ಇನ್ನುಳಿದ ವಿಟಮಿನ್, ಖನಿಜಗಳಿಗೂ ಬೇರೆಬೇರೆ ಕೆಲಸವಿದೆ. ವಿಟಮಿನ್ ಎ ಮೂಗು, ಗಂಟಲು, ಶ್ವಾಸಕೋಶ, ಕರುಳಿನ ಒಳಪದರವನ್ನು ಗಟ್ಟಿಯಾಗಿಡುತ್ತದೆ. ಇದು ಕೋಟೆಯ ಗೋಡೆ. ವಿಟಮಿನ್ ಸಿ ನ್ಯೂಟ್ರೋಫಿಲ್‌ಗಳ ಒಳಗೆ ಶೇಖರವಾಗಿದ್ದು, ಬ್ಯಾಕ್ಟೀರಿಯಾ ಕೊಲ್ಲುವಾಗ ಹೊರಡುವ ಬೆಂಕಿಯಲ್ಲಿ ಅವೇ ಸುಟ್ಟುಹೋಗದಂತೆ ಕಾಯುತ್ತದೆ. ವಿಟಮಿನ್ ಡಿ ಸಿಕ್ಕರೆ ಕೆಲವು ರಕ್ಷಕ ಕೋಶಗಳು ರೋಗಾಣು ಕೊಲ್ಲುವ ಪ್ರೋಟೀನನ್ನು ತಾವೇ ತಯಾರಿಸಿಕೊಳ್ಳುತ್ತವೆ. ಸತು, ಅಂದರೆ ಜಿಂಕ್, ಕಡಿಮೆಯಾದರೆ ಟಿ-ಲಿಂಫೋಸೈಟ್‌ಗಳು ಸರಿಯಾಗಿ ಬೆಳೆಯುವುದಿಲ್ಲ. ಮಕ್ಕಳಿಗೆ ಭೇದಿಯಾದಾಗ ಒಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಡುವುದನ್ನು ಆಶಾ ಕಾರ್ಯಕರ್ತೆಯರ ಹತ್ತಿರ ನೋಡಿರುತ್ತೀರಿ.

ಕಬ್ಬಿಣದ ಕತೆ ಇನ್ನೂ ಸ್ವಾರಸ್ಯ. ಅದು ನಮಗೂ ಬೇಕು, ಬ್ಯಾಕ್ಟೀರಿಯಾಕ್ಕೂ ಬೇಕು. ಅದಕ್ಕೇ ಸೋಂಕು ಬಂದಾಗ ದೇಹ ತನ್ನ ಕಬ್ಬಿಣವನ್ನು ರಕ್ತದಿಂದ ಒಳಗೆಳೆದು ಬಚ್ಚಿಡುತ್ತದೆ, ಕಳ್ಳ ಬಂದಾಗ ಒಡವೆ ಅಡಗಿಸಿಟ್ಟಂತೆ. ಎದೆಹಾಲು, ಕಣ್ಣೀರು, ಜೊಲ್ಲಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನೇ ಇದೆ. ಆದ್ದರಿಂದ ಆರೋಗ್ಯವಾಗಿದ್ದಾಗ ಕಬ್ಬಿಣದ ಕೊರತೆ ತುಂಬಿಕೊಳ್ಳಬೇಕು. ಜೋರು ಜ್ವರವಿದ್ದಾಗ ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ನುಂಗಬಾರದು.

ಒಂದೇ ಸತ್ವ, ಎರಡು ಕಡೆ ಯುದ್ಧ

ಫೋಲಿಕ್ ಆಸಿಡ್ ಬ್ಯಾಕ್ಟೀರಿಯಾಕ್ಕೂ ಬೇಕು. ಆದರೆ ನಾವು ಅದನ್ನು ಊಟದಿಂದ ಪಡೆಯುತ್ತೇವೆ. ಬಹುಪಾಲು ಬ್ಯಾಕ್ಟೀರಿಯಾಗಳು ತಮಗೆ ಬೇಕಾದದ್ದನ್ನು ತಾವೇ ತಯಾರಿಸಿಕೊಳ್ಳುತ್ತವೆ. 1935ರಲ್ಲಿ ಜರ್ಮನಿಯಿಂದ ಬಂದ ಸಲ್ಫಾ ಔಷಧಗಳು ಕೆಲಸ ಮಾಡುವುದು ಈ ವ್ಯತ್ಯಾಸದ ಮೇಲೆ. ಫೋಲಿಕ್ ಆಸಿಡ್ ತಯಾರಿಕೆಗೆ ಬೇಕಾದ ಕಚ್ಚಾಮಾಲಿನಂತೆಯೇ ಕಾಣುವ ನಕಲಿ ಮಾಲು ಅವು. ಬ್ಯಾಕ್ಟೀರಿಯಾ ಮೋಸಹೋಗಿ ನಕಲಿಯನ್ನು ಹಿಡಿದುಕೊಳ್ಳುತ್ತದೆ, ಸತ್ವ ತಯಾರಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ನಮಗೆ ಆ ತೊಂದರೆಯಿಲ್ಲ, ಏಕೆಂದರೆ ನಮ್ಮದು ತಟ್ಟೆಯಿಂದ ಬರುತ್ತದೆ.

ಇದೇ ಜಾಣತನವನ್ನು ಸುಬ್ಬರಾವ್ ತಂಡ ಇನ್ನೊಂದು ಕಾಯಿಲೆಯ ಮೇಲೆ ಬಳಸಿತು. ರಕ್ತದ ಕ್ಯಾನ್ಸರಿನಲ್ಲಿ ಬಿಳಿ ಕಣಗಳು ಹತೋಟಿ ಮೀರಿ ಹುಟ್ಟುತ್ತವೆ. ಫೋಲಿಕ್ ಆಸಿಡ್ಡಿನ ನಕಲಿ ರೂಪ ಕೊಟ್ಟರೆ ಅವು ನಿಲ್ಲಬಹುದಲ್ಲ? ಅವರು ತಯಾರಿಸಿಕೊಟ್ಟ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. 1948ರ ವರದಿಯಂತೆ ಕೆಲವು ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲ ಹಿಂದೆ ಸರಿಯಿತು. ಅದಕ್ಕೆ ಮುಂಚೆ ಅಷ್ಟು ಕೂಡ ಸಾಧ್ಯವಿರಲಿಲ್ಲ. ಅದರ ಹತ್ತಿರದ ಸಂಬಂಧಿ ಮೆಥೊಟ್ರೆಕ್ಸೇಟ್ ಇವತ್ತಿಗೂ ಕ್ಯಾನ್ಸರಿಗೆ, ಸಂಧಿವಾತಕ್ಕೆ ಬಳಕೆಯಲ್ಲಿದೆ.

ಹೊಲದ ಮಣ್ಣಿನಿಂದ ಬಂದ ಹೊಂಬಣ್ಣದ ಮದ್ದು

ಆಗ ಪೆನಿಸಿಲಿನ್ ಬಂದಿತ್ತು. ಆದರೆ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಅದು ನಾಟುತ್ತಿರಲಿಲ್ಲ. ಸುಬ್ಬರಾವ್ ವಯಸ್ಸು ನೋಡದೆ ಬೆಂಜಮಿನ್ ಡಗ್ಗರ್ ಎಂಬ ಎಪ್ಪತ್ತು ದಾಟಿದ ನಿವೃತ್ತ ಸಸ್ಯವಿಜ್ಞಾನಿಯನ್ನು ಕೆಲಸಕ್ಕೆ ಕರೆದುಕೊಂಡರು. ಬೇರೆಬೇರೆ ಕಡೆಯಿಂದ ಮಣ್ಣು ತರಿಸಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವುದು ಕೆಲಸ. 1945ರಲ್ಲಿ ಮಿಸೌರಿಯ ಕೃಷಿ ಪ್ರಯೋಗದ ಹೊಲದ ಮಣ್ಣಿನಲ್ಲಿ ಹೊಂಬಣ್ಣದ ಸೂಕ್ಷ್ಮಜೀವಿಯೊಂದು ಸಿಕ್ಕಿತು. ಅದು ಸ್ರವಿಸುತ್ತಿದ್ದ ವಸ್ತುವೇ ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆ್ಯಂಟಿಬಯೋಟಿಕ್. 1948ರಲ್ಲಿ ಅದು ಬಳಕೆಗೆ ಬಂತು. ಕಂಡುಹಿಡಿದ ಹಿರಿಮೆ ಡಗ್ಗರ್ ಹೆಸರಿನಲ್ಲಿದೆ. ಆ ಕೆಲಸವನ್ನು ಕಟ್ಟಿ ನಡೆಸಿದವರು ಸುಬ್ಬರಾವ್.

ಈ ಗುಂಪಿನ ಔಷಧಗಳ ಬೆಲೆ ತಿಳಿಯಬೇಕಾದರೆ ನಮ್ಮ ಹಳೇ ಮೈಸೂರಿನ ಪ್ಲೇಗ್ ನೆನೆಯಬೇಕು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಸಂಸ್ಥಾನದ ಉದ್ದಗಲ ಹರಡಿತು. ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆಯನ್ನು ನಮ್ಮ ಅಜ್ಜಿಯರು ಅವರ ಅಜ್ಜಿಯರಿಂದ ಕೇಳಿದ್ದಾರೆ. ಪ್ಲೇಗ್ ಮಾರಮ್ಮನ ಗುಡಿಗಳು ಹುಟ್ಟಿದ್ದೂ ಆಗಲೇ. ಅದೇ ಪ್ಲೇಗ್ 1994ರಲ್ಲಿ ಸೂರತ್ತಿನಲ್ಲಿ ಕಾಣಿಸಿಕೊಂಡಾಗ ಜನರಿಗೆ ಹಂಚಿದ್ದು ಟೆಟ್ರಾಸೈಕ್ಲಿನ್ ಮಾತ್ರೆ.

ಇದೇ ಕಾಲದಲ್ಲಿ ಅವರ ಪ್ರಯೋಗಾಲಯದಿಂದ ಡಿಇಸಿ ಎಂಬ ಇನ್ನೊಂದು ಮದ್ದು ಬಂತು. ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗ ತಡೆಯಲು ಮನೆಮನೆಗೆ ಹೋಗಿ ನುಂಗಿಸಿದ ಮಾತ್ರೆ ಅದೇ.

ಮುಂದೆ ಉಷ್ಣವಲಯದ ಸ್ಪ್ರೂಗೆ ವೈದ್ಯರು ಗೊತ್ತುಮಾಡಿದ ಚಿಕಿತ್ಸೆ ಏನು ಗೊತ್ತೇ? ಫೋಲಿಕ್ ಆಸಿಡ್ ಮತ್ತು ಟೆಟ್ರಾಸೈಕ್ಲಿನ್, ಎರಡೂ ಒಟ್ಟಿಗೆ, ತಿಂಗಳುಗಟ್ಟಲೆ. ಒಂದು ಕರುಳನ್ನೂ ರಕ್ತವನ್ನೂ ಕಟ್ಟುತ್ತದೆ, ಇನ್ನೊಂದು ಬ್ಯಾಕ್ಟೀರಿಯಾವನ್ನು ಅಡಗಿಸುತ್ತದೆ. ಅಣ್ಣತಮ್ಮಂದಿರನ್ನು ಕೊಂದ ಕಾಯಿಲೆಯ ಎರಡೂ ಮದ್ದು ಒಬ್ಬನೇ ಮನುಷ್ಯನ ಪ್ರಯೋಗಾಲಯದ ಬಾಗಿಲಿನಿಂದ ಹೊರಬಂದಿದ್ದವು.

1948ರ ಆಗಸ್ಟಿನಲ್ಲಿ ಒಂದು ರಾತ್ರಿ ಪರ್ಲ್ ರಿವರ್‌ನ ಮನೆಯಲ್ಲಿ ಮಲಗಿದ್ದ ಸುಬ್ಬರಾವ್ ಬೆಳಗ್ಗೆ ಏಳಲಿಲ್ಲ. ಹೃದಯಾಘಾತ. ವಯಸ್ಸು 53. ಅಮೆರಿಕದ ಪೌರತ್ವವನ್ನು ಅವರು ಕೊನೆಗೂ ಪಡೆದಿರಲಿಲ್ಲ. ಒಂದು ಶಿಲೀಂಧ್ರದ ಕುಲಕ್ಕೆ ಅವರ ನೆನಪಿನಲ್ಲಿ ಸುಬ್ಬರೋಮೈಸಿಸ್ ಎಂದು ಹೆಸರಿಟ್ಟರು. ನಮ್ಮ ಅಂಚೆ ಇಲಾಖೆ 1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಅಂಚೆಚೀಟಿ ತಂದಿತು.

ಬಸ್ಸಾರಿನ ನೀರು ಚೆಲ್ಲಬೇಡಿ

ಅವರು ಹೋದ ಮೇಲೆ ನಡೆದ ಒಂದು ಸಂಗತಿ ನಮಗೆ ಎಚ್ಚರಿಕೆಯಂತಿದೆ. ಅದೇ ಲೆಡರ್ಲೆಯಲ್ಲಿ ಸ್ಟಾಕ್‌ಸ್ಟಾಡ್ ಮತ್ತು ಥಾಮಸ್ ಜೂಕ್ಸ್, ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. ವಿಟಮಿನ್ನಿನ ಪ್ರಭಾವ ಅಂದುಕೊಂಡಿದ್ದರು. ನೋಡಿದರೆ ಅದರಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಕೂಡ ಕೆಲಸ ಮಾಡಿತ್ತು. ಅಲ್ಲಿಂದ ಲೋಕದ ತುಂಬ ಕೋಳಿ, ಹಂದಿ, ದನಗಳ ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸುವುದು ಶುರುವಾಯಿತು. ಸಣ್ಣ ಪ್ರಮಾಣದಲ್ಲಿ ಸದಾ ಮದ್ದು ತಿಂದ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಂಡವು. ಮದ್ದು ನಾಟದ ಸೋಂಕುಗಳು ಇವತ್ತು ಆಸ್ಪತ್ರೆಗಳ ದೊಡ್ಡ ತಲೆನೋವಾಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ನಾವೇ. ಮಂಡ್ಯದಲ್ಲೋ ಮೈಸೂರಲ್ಲೋ ರೂಮು ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರ ದಿನಚರಿ ನೋಡಿ. ಬೆಳಗ್ಗೆ ಟೀ ಬನ್ನು, ಮಧ್ಯಾಹ್ನ ಚಿತ್ರಾನ್ನ, ಸಂಜೆ ಗೋಬಿ, ರಾತ್ರಿ ಎರಡು ಗಂಟೆವರೆಗೆ ಓದು. ಎರಡು ತಿಂಗಳಿಗೊಮ್ಮೆ ಗಂಟಲು ಕೆರೆತ, ಜ್ವರ. ಮೆಡಿಕಲ್ ಶಾಪಿಗೆ ಹೋಗಿ ಮೂರು ಆ್ಯಂಟಿಬಯೋಟಿಕ್ ಮಾತ್ರೆ ಬಿಡಿಯಾಗಿ ತಂದು ನುಂಗಿ, ಜ್ವರ ಬಿಟ್ಟ ತಕ್ಷಣ ನಿಲ್ಲಿಸುವುದು. ಗಂಟಲು ನೋವು ಎಷ್ಟೋ ಸಲ ವೈರಸ್ಸಿನಿಂದ ಬಂದಿರುತ್ತದೆ, ಅದಕ್ಕೆ ಆ್ಯಂಟಿಬಯೋಟಿಕ್ ತಾಗುವುದೇ ಇಲ್ಲ. ಬ್ಯಾಕ್ಟೀರಿಯಾದ್ದೇ ಆಗಿದ್ದರೂ ವೈದ್ಯರು ಹೇಳಿದಷ್ಟು ದಿನ ನುಂಗದಿದ್ದರೆ ಉಳಿದವು ಮತ್ತೆ ತಲೆಯೆತ್ತುತ್ತವೆ. ಮಾತ್ರೆ ರೋಗಾಣುಗಳ ಸಂಖ್ಯೆ ತಗ್ಗಿಸುತ್ತದೆ. ಉಳಿದದ್ದನ್ನು ಗುಡಿಸಿ ಮುಗಿಸುವುದು ನಮ್ಮ ಬಿಳಿ ಕಣಗಳೇ. ಅವುಗಳಿಗೆ ಅನ್ನ ಹಾಕದೆ ಬರೀ ಮಾತ್ರೆ ನುಂಗಿದರೆ ಸೈನ್ಯವಿಲ್ಲದೆ ತೋಪು ಹೊಡೆದಂತೆ.

ಹಾಗಂತ ಅಂಗಡಿಯ ಮಲ್ಟಿವಿಟಮಿನ್ ಡಬ್ಬಿ ಕೊಳ್ಳಬೇಕಾಗಿಲ್ಲ. ಕೊರತೆ ತುಂಬಿದರೆ ಶಕ್ತಿ ಮರಳುತ್ತದೆ. ತುಂಬಿರುವುದರ ಮೇಲೆ ಇನ್ನಷ್ಟು ಸುರಿದರೆ ಶಕ್ತಿ ದುಪ್ಪಟ್ಟಾಗುವುದಿಲ್ಲ. ಫೋಲಿಕ್ ಆಸಿಡ್ಡನ್ನೇ ಮನಸ್ಸಿಗೆ ಬಂದಷ್ಟು ನುಂಗಿದರೆ ಬಿ12ರ ಕೊರತೆ ಮರೆಯಾಗಿ ಉಳಿದು ನರಗಳಿಗೆ ತೊಂದರೆಯಾಗಬಹುದು. ಹಾಲು, ಮೊಟ್ಟೆ, ಮಾಂಸ ಮುಟ್ಟದವರು ಇದನ್ನು ಗಮನಿಸಬೇಕು.

ನಮ್ಮ ಕಡೆಯ ಊಟದಲ್ಲೇ ಒಂದು ಜಾಣತನವಿದೆ. ಫೋಲಿಕ್ ಆಸಿಡ್ ನೀರಿನಲ್ಲಿ ಕರಗುವ ಸತ್ವ. ಸೊಪ್ಪು, ಕಾಳು ಬೇಯಿಸಿದಾಗ ಅದರಲ್ಲಿ ಒಂದು ಪಾಲು ಬೆಂದ ನೀರಿಗೆ ಇಳಿಯುತ್ತದೆ. ನೀರು ಚೆಲ್ಲಿ ಪಲ್ಯ ಮಾತ್ರ ತಿಂದರೆ ಅಷ್ಟೂ ಹೋಯಿತು. ಆದರೆ ಮಂಡ್ಯ ಸೀಮೆಯವರು ಆ ನೀರನ್ನು ಬಸಿದು ಅದರಿಂದಲೇ ಬಸ್ಸಾರು ಮಾಡುತ್ತಾರೆ, ಉಪ್ಸಾರು ಮಾಡುತ್ತಾರೆ. ದಂಟಿನ ಸೊಪ್ಪು, ಕೀರೆ ಸೊಪ್ಪು, ಅಲಸಂದೆ, ಹೆಸರುಕಾಳು, ಹುರುಳಿಕಾಳು ಯಾವುದಾದರೂ ಸರಿ. ಜೊತೆಗೆ ರಾಗಿ ಮುದ್ದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದರಿಂದ ಎಷ್ಟೋ ಮನೆಗಳ ಕಣಜ ತುಂಬಿತು. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ಕಬ್ಬಿಣವೂ ಇದೆ. ಆ ಕಬ್ಬಿಣ ಮೈಗೆ ಹತ್ತಬೇಕಾದರೆ ಊಟಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಬೇಕು, ಇಲ್ಲವೇ ಒಂದು ಸೀಬೆಹಣ್ಣು ತಿನ್ನಬೇಕು. ಊಟವಾದ ಕೂಡಲೇ ಟೀ ಕುಡಿದರೆ ಕಬ್ಬಿಣಕ್ಕೆ ಅಡ್ಡಿ. ಕಾಲೇಜಿನ ನೀಲಿ ಮಾತ್ರೆಗೂ ಇದೇ ಮಾತು. ಸೊಪ್ಪನ್ನು ಗಂಟೆಗಟ್ಟಲೆ ಕುದಿಸಬಾರದು, ಬೆಂದರೆ ಸಾಕು.

ರೂಮಿನಲ್ಲಿ ಒಂದು ಕುಕ್ಕರ್ ಇದ್ದರೆ ಇದಿಷ್ಟೂ ಆಗುತ್ತದೆ. ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೆ ಒಂದು ಪ್ಲೇಟ್ ಗೋಬಿಗಿಂತ ಕಡಿಮೆ ಬೆಲೆ. ನಾಲ್ಕು ಜನ ಸರದಿಯ ಮೇಲೆ ಅಡುಗೆ ಮಾಡಿದರೆ ಓದಿನ ಟೈಮೂ ಹಾಳಾಗುವುದಿಲ್ಲ. ಸುಸ್ತು, ಪದೇ ಪದೇ ಜ್ವರ, ನಾಲಿಗೆ ಹುಣ್ಣು ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಿಳಿದುಕೊಳ್ಳುವುದಕ್ಕೆ ಅರ್ಧ ದಿನ ಸಾಕು.

ಸುಬ್ಬರಾವ್ ಬದುಕಿನಿಂದ ಕೆಲಸ ಹುಡುಕುವವರು ಸಾಮಾನ್ಯವಾಗಿ ತೆಗೆದುಕೊಳ್ಳುವ ಪಾಠ, ನಪಾಸಾದರೂ ಧೈರ್ಯಗೆಡಬಾರದು ಎಂಬುದು. ಅದು ಸರಿಯೇ. ಆದರೆ ಪರರ ಮೈಗೆ ಸತ್ವ ಹುಡುಕುತ್ತ ಹಗಲು ರಾತ್ರಿ ದುಡಿದ ಅವರು ಐವತ್ಮೂರಕ್ಕೇ ಹೋದರು, ಊರಲ್ಲಿ ಒಬ್ಬರು ಕಾಯುತ್ತಲೇ ಉಳಿದರು ಎಂಬುದನ್ನೂ ಜೊತೆಗೇ ನೆನಪಿಡಬೇಕು. ಕೆಲಸ ಇವತ್ತಲ್ಲ ನಾಳೆ ಸಿಗುತ್ತದೆ. ಸಿಕ್ಕ ದಿನ ಆ ಕುರ್ಚಿಯಲ್ಲಿ ಕೂರುವುದಕ್ಕೆ ಮೈಯಲ್ಲಿ ಕಸುವಿರಬೇಕು, ಆ ಸುದ್ದಿ ಹೇಳುವುದಕ್ಕೆ ಮನೆಗೆ ಹೋಗಿಬರುವ ದಾರಿ ತೆರೆದಿರಬೇಕು. ಈ ವಾರ ಊರಿಗೆ ಹೋದಾಗ ಅವ್ವನ ಹತ್ತಿರ ಬಸ್ಸಾರು ಮಾಡುವುದನ್ನು ಕಲಿತು ಬನ್ನಿ.